ಮನೆ ಪತ್ರದ ಆ ಒಂದು ಷರತ್ತು: ವರ್ಣಭೇದವನ್ನು ಊರಿನ ಆಡಳಿತ ಸರಿಮಾಡಬಹುದಾ?

ಪ್ರಶ್ನೆ: ನಾವು ಏಳು ವರ್ಷದಿಂದ ಅಮೆರಿಕದ ಸಿಯಾಟಲ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಹೋದ ವರ್ಷ ಊರಿನ ಉತ್ತರ ಭಾಗದಲ್ಲಿ ಒಂದು ಹಳೇ ಮನೆ ಕೊಂಡೆವು. ಕಾಗದಪತ್ರ ಓದುವಾಗ 1930ರ ದಶಕದ ಒಂದು ಷರತ್ತು ಕಣ್ಣಿಗೆ ಬಿತ್ತು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡುವ ಹಾಗಿಲ್ಲ ಅಂತ ಬರೆದಿತ್ತು. ಓದಿ ಕೈ ನಡುಗಿತು. ಇಲ್ಲಿನ ನಗರಾಡಳಿತ ಇಪ್ಪತ್ತು ವರ್ಷದಿಂದ ವರ್ಣಭೇದ ಸರಿಮಾಡುತ್ತೇವೆ ಅನ್ನುತ್ತಿದೆ. 2023ರಲ್ಲಿ ಜಾತಿ ತಾರತಮ್ಯಕ್ಕೂ ನಿಷೇಧ ತಂದಿತು. ನಮ್ಮ ಗೆಳೆಯರಲ್ಲಿ ಕೆಲವರು ಇದೆಲ್ಲ ಸುಮ್ನೆ ತೋರಿಕೆ ಅನ್ನುತ್ತಾರೆ. ಇನ್ನು ಕೆಲವರು ನಮ್ಮನ್ನೇ ಗುರಿ ಮಾಡಿದ್ದಾರೆ ಅನ್ನುತ್ತಾರೆ. ಜನರ ಮನಸ್ಸಿನಲ್ಲಿರೋದನ್ನು ಒಂದು ಪಾಲಿಕೆ ಬದಲಿಸೋಕೆ ಆಗುತ್ತದಾ?

ಉತ್ತರ: ನಿಮ್ಮ ಕೈಗೆ ಸಿಕ್ಕ ಆ ಪತ್ರದಿಂದಲೇ ಶುರು ಮಾಡೋಣ.

ಮನಸ್ಸು ಬದಲಿಸೋದು ಪಾಲಿಕೆಯ ಕೈಯಲ್ಲಿಲ್ಲ, ನಿಜ. ಆದರೆ ಆ ಷರತ್ತು ಯಾರದೋ ಮನಸ್ಸಿನಲ್ಲಿ ಅಡಗಿ ಕೂತದ್ದಲ್ಲ. ಅದನ್ನು ಟೈಪ್ ಮಾಡಿಸಿ, ಸಹಿ ಹಾಕಿಸಿ, ಕೌಂಟಿ (ನಮ್ಮ ಜಿಲ್ಲೆಯ ಥರ) ಕಚೇರಿಯಲ್ಲಿ ನೋಂದಾಯಿಸಿದ್ದರು. ಆ ಪತ್ರವನ್ನು ದಾಖಲೆಗೆ ಸೇರಿಸಿದ ಗುಮಾಸ್ತನಿಗೆ ಯಾರ ಮೇಲೂ ದ್ವೇಷ ಇರದೇ ಇದ್ದಿರಬಹುದು. ಅವನು ಅವತ್ತಿನ ಕೆಲಸ ಮುಗಿಸಿ ಮನೆಗೆ ಹೋಗಿರುತ್ತಾನೆ. ಆ ದಾಖಲೆ ಮಾತ್ರ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇತ್ತು. ವ್ಯವಸ್ಥೆಯೊಳಗಿನ ವರ್ಣಭೇದ ಅಂದರೆ ಇದೇ. ಕೆಟ್ಟ ಮನುಷ್ಯ ಎದುರಿಗೆ ಇರಲೇಬೇಕು ಅಂತಿಲ್ಲ. ನಿಯಮ, ನಕ್ಷೆ, ಅರ್ಜಿ ನಮೂನೆ, ಸರದಿ ಇಷ್ಟಿದ್ದರೆ ಸಾಕು. ಮತ್ತೆ ನಿಯಮ, ನಕ್ಷೆ, ಅರ್ಜಿ, ಸರದಿ ಇವೆಲ್ಲ ನಗರಾಡಳಿತದ ಕೈಯಲ್ಲೇ ಇರುವಂಥವು. ಅದಕ್ಕೇ ಈ ವಿಷಯದಲ್ಲಿ ಊರಿನ ಆಡಳಿತದ ಮಾತಿಗೆ ತೂಕ ಇದೆ.

ಆ ಷರತ್ತಿನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1920ರಿಂದ 1940ರ ದಶಕದ ತನಕ ಸಿಯಾಟಲ್‌ನ ಎಷ್ಟೋ ಬಡಾವಣೆಗಳಲ್ಲಿ ಇಂಥ ಷರತ್ತು ಹಾಕುತ್ತಿದ್ದರು. ಕ್ಯಾಪಿಟಲ್ ಹಿಲ್, ಕ್ವೀನ್ ಆ್ಯನ್, ಲಾರೆಲ್‌ಹರ್ಸ್ಟ್, ಎಲ್ಲಾ ಕಡೆ. ವಿಮಾನ ಕಂಪನಿ ಕಟ್ಟಿದ ವಿಲಿಯಂ ಬೋಯಿಂಗ್ ಮತ್ತು ಅವರ ಪತ್ನಿ ಊರಿನ ಉತ್ತರಕ್ಕೆ ಮಾಡಿಸಿದ ಬಡಾವಣೆಗಳಲ್ಲೂ ಇತ್ತು. ಸಿಯಾಟಲ್‌ನಲ್ಲೇ ಇರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇತಿಹಾಸಕಾರರು ವಿದ್ಯಾರ್ಥಿಗಳನ್ನು ಜೊತೆಗೆ ಹಾಕಿಕೊಂಡು ಇಂಥ ಸಾವಿರಾರು ದಾಖಲೆಗಳನ್ನು ಹುಡುಕಿ ತೆಗೆದಿದ್ದಾರೆ. ಅವುಗಳಲ್ಲಿ ಮತ್ತೆ ಮತ್ತೆ ಸಿಗುವ ಒಂದು ವಿನಾಯಿತಿ ಇದೆ. ಮನೆಗೆಲಸದವರಾದರೆ ಇರಬಹುದು. ಪಾತ್ರೆ ತೊಳೆಯೋಕೆ, ಮಗು ನೋಡಿಕೊಳ್ಳೋಕೆ ಬರಬಹುದು. ಮಾಲೀಕರಾಗಿ ಬರುವ ಹಾಗಿಲ್ಲ. ಹಿತ್ತಲ ಬಾಗಿಲಿನಿಂದ ಮಾತ್ರ ಪ್ರವೇಶ ಅನ್ನುವ ಈ ಏರ್ಪಾಡನ್ನು ನಮ್ಮ ಹಳ್ಳಿ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇದು ಕಪ್ಪು ಜನರಿಗೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಳ್ಳಬೇಡಿ. ಏಷ್ಯಾದವರನ್ನೂ, ಎಷ್ಟೋ ಕಡೆ ಯಹೂದಿಗಳನ್ನೂ ಹೊರಗಿಟ್ಟಿದ್ದರು. ಭಾರತೀಯರು ಬಿಳಿಯರಲ್ಲ, ಅವರಿಗೆ ಪೌರತ್ವ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಹೇಳಿತು. ಸಿಯಾಟಲ್‌ನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಲ್ಲಿ 1907ರ ಸೆಪ್ಟೆಂಬರ್‌ನಲ್ಲಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಗುಂಪು ಕಟ್ಟಿಕೊಂಡು ಹೊಡೆದು ಓಡಿಸಿದ್ದರು. ಅಂದರೆ ನಿಮ್ಮ ಮನೆ ಪತ್ರದ ಆ ಷರತ್ತು ನಿಮ್ಮಂಥವರನ್ನೂ ಲೆಕ್ಕಕ್ಕೆ ಹಿಡಿದೇ ಬರೆದದ್ದು. ನಿಮ್ಮ ಕೈ ನಡುಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಉಳಿದ ಕಡೆ ಬಾಗಿಲು ಮುಚ್ಚಿದ ಮೇಲೆ ಕಪ್ಪು ಕುಟುಂಬಗಳಿಗೆ ಉಳಿದದ್ದು ಊರಿನ ಸೆಂಟ್ರಲ್ ಡಿಸ್ಟ್ರಿಕ್ಟ್ ಅನ್ನುವ ಭಾಗ. 1936ರಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಸಿಯಾಟಲ್ ನಕ್ಷೆಗೆ ಬಣ್ಣ ಹಚ್ಚಿತು. ಸೆಂಟ್ರಲ್ ಡಿಸ್ಟ್ರಿಕ್ಟ್‌ಗೆ ಕೆಂಪು ಬಿತ್ತು. ಕೆಂಪು ಅಂದರೆ ಅಪಾಯ, ಅಲ್ಲಿಗೆ ಸಾಲ ಬೇಡ ಅಂತ. ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳೋಕೆ ಷರತ್ತು ಅಡ್ಡಿ, ತಮ್ಮ ಕೇರಿಯಲ್ಲಿ ಕೊಳ್ಳೋಕೆ ನಕ್ಷೆ ಅಡ್ಡಿ. ಅಮೆರಿಕದಲ್ಲಿ ಮಧ್ಯಮ ವರ್ಗದವರ ಆಸ್ತಿ ಅಂದರೆ ಮನೆಯೇ. ಮಕ್ಕಳ ಕಾಲೇಜಿಗೆ, ಆಸ್ಪತ್ರೆ ಖರ್ಚಿಗೆ, ಅಂಗಡಿ ಇಡೋಕೆ, ಎಲ್ಲಕ್ಕೂ ಅದರ ಮೇಲೇ ಸಾಲ ಎತ್ತುತ್ತಾರೆ. 1940ರಲ್ಲಿ ಮನೆ ಕೊಳ್ಳಲಾಗದ ಅಜ್ಜನ ಮೊಮ್ಮಗ ಇವತ್ತು ಬಾಡಿಗೆ ಮನೆಯಲ್ಲಿದ್ದರೆ ಅದಕ್ಕೆ ಅವನ ಸೋಮಾರಿತನ ಕಾರಣ ಅನ್ನೋಕಾಗುತ್ತದಾ?

1948ರಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂದಿತು. ಆದರೂ ಬಣ್ಣ ನೋಡಿ ಮನೆ ಕೊಡೋದು ನಿಲ್ಲಲಿಲ್ಲ. ಅದನ್ನು ಅಪರಾಧ ಮಾಡೋಣ ಅಂತ 1964ರ ಮಾರ್ಚ್‌ನಲ್ಲಿ ಸಿಯಾಟಲ್ ಜನರ ಮುಂದೆ ಮತಕ್ಕಿಟ್ಟರು. ಬೇಡ ಅಂದವರು 1,15,627. ಬೇಕು ಅಂದವರು 54,448. ಆ ಎರಡು ಸಂಖ್ಯೆಗಳನ್ನು ನಾನು ತರಗತಿಯಲ್ಲಿ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಉದಾರಿಗಳ ಊರು ಅಂತ ಹೆಸರಾದ ಸಿಯಾಟಲ್‌ನದ್ದು ಇದು. ಕೊನೆಗೆ 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಎರಡು ವಾರದ ಮೇಲೆ, ನಗರದ ಕೌನ್ಸಿಲ್ ತಾನೇ ಒಮ್ಮತದಿಂದ ಕಾನೂನು ಮಾಡಿತು. ಅದನ್ನು ಮುಂದೆ ನಿಂತು ತಂದವರು ಸ್ಯಾಮ್ ಸ್ಮಿತ್. ಕೌನ್ಸಿಲ್‌ಗೆ ಆರಿಸಿ ಬಂದ ಮೊದಲ ಕಪ್ಪು ಸದಸ್ಯ. ಅವರು ಗೆದ್ದಿದ್ದೇ ಅದರ ಹಿಂದಿನ ವರ್ಷ.

ಈಗ ನಿಮ್ಮ ಪ್ರಶ್ನೆಯ ಇಪ್ಪತ್ತು ವರ್ಷಕ್ಕೆ ಬರೋಣ.

2004ರಲ್ಲಿ ಮೇಯರ್ ಗ್ರೆಗ್ ನಿಕಲ್ಸ್ ಒಂದು ಕಾರ್ಯಕ್ರಮ ಶುರು ಮಾಡಿದರು. ಜನಾಂಗೀಯ ಮತ್ತು ಸಾಮಾಜಿಕ ನ್ಯಾಯದ ಕಾರ್ಯಕ್ರಮ ಅಂತ ಅದರ ಹೆಸರಿನ ಅರ್ಥ. ಇದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಊರಿನ ಜನರಿಗೆ ಬುದ್ಧಿ ಹೇಳೋಕೆ ಮುಂಚೆ ಪಾಲಿಕೆ ತನ್ನ ಕಚೇರಿಗಳ ಒಳಗೆ ನೋಡಿಕೊಂಡಿತು. ನೀರು, ವಿದ್ಯುತ್, ಪಾರ್ಕು, ರಸ್ತೆ, ಪ್ರತಿ ಇಲಾಖೆಯಲ್ಲೂ ನೌಕರರದ್ದೇ ಒಂದು ತಂಡ ಮಾಡಿದರು. ನಾವು ಮಾಮೂಲಿ ಅಂದುಕೊಂಡು ಮಾಡುವ ಕೆಲಸದಿಂದ ಯಾರಿಗೆ ಲಾಭ, ಯಾರಿಗೆ ಹೊರೆ ಅಂತ ಕೇಳಿಕೊಳ್ಳೋದು ಆ ತಂಡದ ಕೆಲಸ.

ಬೀದಿದೀಪದ ಉದಾಹರಣೆ ಹೇಳುತ್ತೇನೆ. ನನಗೆ ಈ ಇಡೀ ವಿಷಯ ತಲೆಗೆ ಹತ್ತಿದ್ದೇ ಇದರಿಂದ. ಸಿಯಾಟಲ್‌ನಲ್ಲಿ ಬೀದಿದೀಪ ಕೆಟ್ಟರೆ ಜನ ಫೋನ್ ಮಾಡಬೇಕಿತ್ತು. ಫೋನ್ ಬಂದರೆ ಲೈನ್‌ಮನ್ ಹೋಗಿ ಬಲ್ಬ್ ಹಾಕುತ್ತಿದ್ದರು. ಬಿಳಿಯರು ಫೋನ್ ಮಾಡಿದರೂ ಹೋಗುತ್ತಿದ್ದರು, ಸೊಮಾಲಿಯಾದಿಂದ ಬಂದವರು ಮಾಡಿದರೂ ಹೋಗುತ್ತಿದ್ದರು. ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಆದರೆ ಯಾವ ಬೀದಿ ಬೆಳಗುತ್ತಿತ್ತು ಅಂತ ನೋಡಿದರೆ, ಅನುಕೂಲಸ್ಥ ಬಿಳಿಯರ ಬೀದಿಗಳಲ್ಲಿ ಬಲ್ಬ್ ಬೇಗ ಬದಲಾಗುತ್ತಿತ್ತು. ಕಾರಣ ಸುಲಭ. ಇಂಗ್ಲಿಷ್ ಬಲ್ಲವರು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಗೊತ್ತಿದ್ದವರು, ನಾನು ಹೇಳಿದರೆ ಕೆಲಸ ಆಗುತ್ತದೆ ಅಂತ ನಂಬಿಕೆ ಇದ್ದವರು ಫೋನ್ ಮಾಡುತ್ತಿದ್ದರು. ಎರಡೆರಡು ಪಾಳಿಯಲ್ಲಿ ದುಡಿದು ಬಂದು ಮಲಗುವವರು ಮಾಡುತ್ತಿರಲಿಲ್ಲ. ಸರ್ಕಾರಿ ಕಚೇರಿ ಅಂದರೆ ಭಯ ಇದ್ದವರೂ ಮಾಡುತ್ತಿರಲಿಲ್ಲ. ಇದು ಗೊತ್ತಾದ ಮೇಲೆ ವಿದ್ಯುತ್ ಇಲಾಖೆ ಪದ್ಧತಿಯನ್ನೇ ತಿರುಗಿಸಿತು. ದೂರಿಗೆ ಕಾಯೋದು ಬೇಡ, ವೇಳಾಪಟ್ಟಿ ಹಾಕಿಕೊಂಡು ಬೀದಿ ಬೀದಿಯ ಬಲ್ಬನ್ನೂ ಸರದಿ ಪ್ರಕಾರ ಬದಲಿಸೋಣ ಅಂತ. ಯಾರ ಮನಸ್ಸನ್ನೂ ಬದಲಿಸಬೇಕಾಗಲಿಲ್ಲ. ಭಾಷಣ ಬೇಕಾಗಲಿಲ್ಲ. ಕತ್ತಲಲ್ಲಿ ಬಸ್ಸಿಳಿದು ಮನೆಗೆ ನಡೆಯುವ ಹೆಂಗಸಿಗೆ ಬೆಳಕು ಬಂತು.

ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರು ತಮ್ಮ ವಾರ್ಡಿನ ಬಗ್ಗೆಯೂ ಒಂದು ಸಲ ಯೋಚಿಸಿ. ಆ್ಯಪ್‌ನಲ್ಲಿ ಫೋಟೋ ಹಾಕಿ ದೂರು ಕೊಟ್ಟರೆ ಗುಂಡಿ ಮುಚ್ಚುತ್ತಾರೆ ಅನ್ನುವ ಪದ್ಧತಿ ಯಾರ ರಸ್ತೆಗೆ ಒಳ್ಳೆಯದು? ಆ್ಯಪ್ ಹಾಕಿಕೊಂಡವರ ರಸ್ತೆಗೆ. ಕೊಳೆಗೇರಿಯ ಓಣಿಯಿಂದ ದೂರು ಬಂದಿಲ್ಲ ಅಂದರೆ ಅಲ್ಲಿ ಗುಂಡಿಯೇ ಇಲ್ಲ ಅಂತ ಅರ್ಥ ಅಲ್ಲ.

ಇಂಥ ಪ್ರಶ್ನೆಗಳನ್ನು ಕೇಳೋಕೆ ಸಿಯಾಟಲ್ ಒಂದು ನಮೂನೆ ಮಾಡಿಕೊಂಡಿದೆ. ಹೊಸ ಯೋಜನೆ, ಬಜೆಟ್, ನಿಯಮ ಯಾವುದೇ ಬರಲಿ, ಅದರಿಂದ ಯಾವ ಜನಾಂಗದವರಿಗೆ ಏನಾಗುತ್ತದೆ, ಅವರನ್ನು ಕೇಳಿದ್ದೀರಾ, ಹಾನಿ ಆಗೋ ಹಾಗಿದ್ದರೆ ಏನು ಬದಲಿಸುತ್ತೀರಿ, ಆಮೇಲೆ ಯಾರಿಗೆ ವರದಿ ಕೊಡುತ್ತೀರಿ ಅಂತ ಹಂತ ಹಂತವಾಗಿ ಬರೆಯಬೇಕು. ಚೆನ್ನಾಗಿ ಬಳಸಿದ ಇಲಾಖೆಗಳೂ ಇವೆ, ತೀರ್ಮಾನ ಎಲ್ಲ ಆದ ಮೇಲೆ ಕೊನೆಗೆ ಫಾರಂ ತುಂಬಿಸಿ ಫೈಲಿಗೆ ಸೇರಿಸಿದವರೂ ಇದ್ದಾರೆ. ನಿಮ್ಮ ಗೆಳೆಯರು ತೋರಿಕೆ ಅನ್ನೋದು ಈ ಎರಡನೆಯದನ್ನು ನೋಡಿಯೇ ಇರಬೇಕು. ಅದರಲ್ಲಿ ಹುರುಳಿದೆ. ನೌಕರರಿಗೆ ಕೊಟ್ಟ ತರಬೇತಿಯ ಮೇಲೂ ಜಗಳ ಆಗಿದೆ. ಬಿಳಿಯರನ್ನೇ ಅಪರಾಧಿಗಳ ಹಾಗೆ ಕೂರಿಸುತ್ತಾರೆ ಅನ್ನುವ ದೂರು ಕೋರ್ಟಿನ ತನಕ ಹೋಗಿದೆ. ನನ್ನ ಅಭಿಪ್ರಾಯ ಕೇಳಿದರೆ, ದಿನಗಟ್ಟಲೆ ತರಬೇತಿಗಿಂತ ಒಂದು ಬೀದಿದೀಪದ ವೇಳಾಪಟ್ಟಿ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನೊಂದು ಬದಲಾವಣೆ ಜನರ ಸಭೆಗಳದ್ದು. ಊರಿನ ಒಂದೊಂದು ಭಾಗಕ್ಕೆ ಒಂದರಂತೆ ಜನರ 13 ಮಂಡಳಿಗಳಿದ್ದವು. ಪಾಲಿಕೆ ನೆರೆಹೊರೆಯ ಅಭಿಪ್ರಾಯ ಅಂತ ಕೇಳುತ್ತಿದ್ದದ್ದು ಇವುಗಳನ್ನೇ. ಅಲ್ಲಿ ಬಂದು ಕೂರುತ್ತಿದ್ದವರು ಬಹುಪಾಲು ವಯಸ್ಸಾದ, ಸ್ವಂತ ಮನೆಯಿದ್ದ ಬಿಳಿಯರು. ಬಾಡಿಗೆದಾರರು, ವಲಸಿಗರು, ಚಿಕ್ಕ ಮಕ್ಕಳ ತಾಯಂದಿರು ಕಾಣುತ್ತಿರಲಿಲ್ಲ. 2016ರಲ್ಲಿ ಆಗಿನ ಮೇಯರ್ ಎಡ್ ಮರ್ರೇ ಆ ಮಂಡಳಿಗಳ ಜೊತೆಗಿನ ಅಧಿಕೃತ ನಂಟನ್ನೇ ಕಡಿದರು. ಸೊಮಾಲಿ, ವಿಯೆಟ್ನಾಮಿ, ಸ್ಪ್ಯಾನಿಷ್ ಮಾತಾಡುವ ಸ್ಥಳೀಯರನ್ನೇ ನೇಮಿಸಿಕೊಂಡು ಅವರವರ ಮಂದಿಯ ಹತ್ತಿರ ಹೋಗಿ ಕೇಳುವ ಪದ್ಧತಿಯನ್ನು ಪಾಲಿಕೆ ಅದಕ್ಕೂ ಮೊದಲೇ ಶುರು ಮಾಡಿತ್ತು. ಮಂಡಳಿಯವರಿಗೆ ಬೇಜಾರಾಯಿತು. ವರ್ಷಗಟ್ಟಲೆ ಬಿಡುವಿನ ಸಮಯ ಕೊಟ್ಟು ದುಡಿದವರು ಅವರು, ಬೇಜಾರಾಗೋದು ಸಹಜವೇ. ಆದರೂ ಸಭೆಗೆ ಬರಲಾಗದವರ ಮನೆ ಬಾಗಿಲಿಗೆ ಹೋಗಿದ್ದು ಸರಿ ಅಂತಲೇ ನನಗನ್ನಿಸುತ್ತದೆ.

ಇಷ್ಟು ಕಷ್ಟ ಯಾಕೆ, ನಮ್ಮಲ್ಲಿದ್ದ ಹಾಗೆ ಮೀಸಲಾತಿ ಕೊಟ್ಟರೆ ಆಯಿತಲ್ಲ ಅಂತ ನಮ್ಮ ಓದುಗರು ಕೇಳೋದು ಸಹಜ. ಕೊಡೋ ಹಾಗಿಲ್ಲ. ಸರ್ಕಾರಿ ಕೆಲಸ, ಶಿಕ್ಷಣ, ಗುತ್ತಿಗೆ ಇವುಗಳಲ್ಲಿ ಜನಾಂಗ ನೋಡಿ ಆದ್ಯತೆ ಕೊಡಬಾರದು ಅಂತ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲೇ ಕಾನೂನು ಮಾಡಿದ್ದಾರೆ. 2019ರಲ್ಲಿ ಅದನ್ನು ಸಡಿಲಿಸುವ ಪ್ರಯತ್ನ ಮತ್ತೆ ಮತಕ್ಕೆ ಬಂದು ಸ್ವಲ್ಪದರಲ್ಲೇ ಸೋತಿತು. ಹಾಗಾಗಿ ಪಾಲಿಕೆ ಬೇರೆ ದಾರಿ ಹುಡುಕಬೇಕಾಯಿತು. 2015ರ ಒಂದು ಕಾನೂನು ನೋಡಿ. 50 ಲಕ್ಷ ಡಾಲರ್ ಮೀರಿದ ಪಾಲಿಕೆ ಕಾಮಗಾರಿಗಳಲ್ಲಿ ಇಷ್ಟು ಪಾಲು ಕೆಲಸ ಬಡತನ ಜಾಸ್ತಿ ಇರುವ ಪಿನ್‌ಕೋಡ್‌ಗಳವರಿಗೆ ಸಿಗಬೇಕು ಅಂತ ಗುತ್ತಿಗೆದಾರರಿಗೆ ಷರತ್ತು. ಬಣ್ಣ ಕೇಳುವ ಹಾಗಿಲ್ಲ, ವಿಳಾಸ ಕೇಳಬಹುದು. ಹಿಂದೆ ಬಣ್ಣ ನೋಡಿ ಜನರನ್ನು ಒಂದೊಂದು ಮೂಲೆಗೆ ತಳ್ಳಿದ್ದರಿಂದ ಇವತ್ತು ವಿಳಾಸ ಹಿಡಿದು ಹೋದರೂ ಅವರೇ ಸಿಗುತ್ತಾರೆ. ಗಾರೆ, ಬಡಗಿ, ಎಲೆಕ್ಟ್ರಿಕಲ್ ಕೆಲಸಗಳಲ್ಲಿ ಯೂನಿಯನ್ ತರಬೇತಿಗೆ ಸೇರೋದೇ ಅಲ್ಲಿ ಕಷ್ಟ. ಒಂದು ಸಲ ಒಳಗೆ ಸೇರಿಕೊಂಡರೆ ಸಂಬಳ ಚೆನ್ನಾಗಿರುತ್ತದೆ. ಆ ಬಾಗಿಲನ್ನು ಸ್ವಲ್ಪ ತೆರೆದ ಕಾನೂನು ಇದು.

ಬಾಡಿಗೆ ಮನೆ ವಿಷಯದಲ್ಲಿ ಪಾಲಿಕೆ ಮಾಡಿದ್ದನ್ನು ಹೇಳೋಕೆ ಮುಂಚೆ ನನ್ನದೊಂದು ಅನುಭವ ಹೇಳಬೇಕು. ಮೈಸೂರಿನಲ್ಲಿ ಪಾಠ ಹೇಳುತ್ತಿದ್ದ ಕಾಲ. ಸಹೋದ್ಯೋಗಿಯೊಬ್ಬಳಿಗೆ ಮನೆ ಹುಡುಕೋಕೆ ಜೊತೆಗೆ ಹೋಗಿದ್ದೆ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡ್ ಇತ್ತು. ಮನೆಯಾಕೆ ಒಳಗೆ ಕರೆದು ಕೂರಿಸಿದರು, ಕಾಫಿ ಕೊಟ್ಟರು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತೆಲ್ಲ ಹೇಳಿದರು. ಅಡ್ವಾನ್ಸ್ ಮಾತೂ ಮುಗಿಯಿತು. ಎದ್ದು ನಿಲ್ಲುವಾಗ ಮೆಲ್ಲಗೆ ಕೇಳಿದರು: ‘ನಮ್ಮವರೇನಮ್ಮಾ?’ ಗೆಳತಿ ಮುಚ್ಚಿಡಲಿಲ್ಲ, ತಾನು ದಲಿತಳು ಅಂತ ಹೇಳಿದಳು. ‘ಮಗ ಊರಿಂದ ವಾಪಸ್ ಬರೋ ಹಾಗಿದೆ, ನೋಡಿ ಹೇಳ್ತೀವಿ’ ಅಂದರು. ಧ್ವನಿ ಜೋರು ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಮ್ಮ ಬಸ್ಸು ದಿನಾ ಆ ಬೀದಿಯಲ್ಲೇ ಹೋಗುತ್ತಿತ್ತು. ಮೂರು ವಾರ ಬೋರ್ಡ್ ಹಾಗೇ ನೇತಾಡುತ್ತಿತ್ತು. ಗೆಳತಿ ಆ ತಿರುವಿನಲ್ಲಿ ಕಿಟಕಿಯ ಕಡೆ ನೋಡುತ್ತಿರಲಿಲ್ಲ. ಅವಳು ಕೋರ್ಟಿಗೆ ಹೋಗಿದ್ದರೆ ಏನಂತ ರುಜುವಾತು ಮಾಡಬೇಕಿತ್ತು? ಮನೆಯಾಕೆ ಒಂದು ಕೆಟ್ಟ ಮಾತೂ ಆಡಿರಲಿಲ್ಲ.

ಸಿಯಾಟಲ್‌ನ ಒಂದು ಕಾನೂನು ಸರಿಯಾಗಿ ಈ ಜಾಗಕ್ಕೇ ಕೈ ಹಾಕಿತು. 2017ರಿಂದ ಅಲ್ಲಿ ಮನೆ ಮಾಲೀಕರು ತಮಗೆ ಬೇಕಾದ ಅರ್ಹತೆಗಳನ್ನು ಮೊದಲೇ ಬರೆದು ತಿಳಿಸಬೇಕು. ಆದಾಯ ಎಷ್ಟಿರಬೇಕು, ಯಾವ ದಾಖಲೆ ಬೇಕು, ಎಲ್ಲ. ಬಂದ ಅರ್ಜಿಗಳ ಮೇಲೆ ದಿನಾಂಕ, ಗಂಟೆ ಬರೆದಿಡಬೇಕು. ಅರ್ಹತೆ ಇರುವವರಲ್ಲಿ ಮೊದಲು ಅರ್ಜಿ ಕೊಟ್ಟವರಿಗೇ ಮನೆ ಕೊಡಬೇಕು. ಅವರಿಗೆ ಒಪ್ಪಿಕೊಳ್ಳೋಕೆ 48 ಗಂಟೆ ಸಮಯ. ಮನೆ ಮಾಲೀಕರು ಕೋರ್ಟಿಗೆ ಹೋದರು. ಕೆಳ ಕೋರ್ಟಿನಲ್ಲಿ ಗೆದ್ದರು. 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪಾಲಿಕೆಯ ಪರ ನಿಂತಿತು. ಇದರಲ್ಲೂ ಕೊರತೆ ಇದೆ. ಇಂಟರ್ನೆಟ್ ಚೆನ್ನಾಗಿರುವವರು, ದಿನವಿಡೀ ಫೋನ್ ಹಿಡಿದು ಕೂರುವ ಕೆಲಸದವರು ಬೇಗ ಅರ್ಜಿ ಹಾಕುತ್ತಾರೆ. ಬೀದಿದೀಪದ ಸಮಸ್ಯೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದ ಹಾಗೆ. ಆದರೂ ‘ನಮ್ಮವರೇನಮ್ಮಾ’ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗ ಕಮ್ಮಿಯಾಗಿದೆ.

ಈ ಕಥೆ ಹೇಳಿದ್ದು ಜಾತಿ ಕಾನೂನಿನ ಮಾತಿಗೆ ಬರೋಕೇ. 2023ರ ಫೆಬ್ರವರಿ 21ರಂದು ಸಿಯಾಟಲ್ ಕೌನ್ಸಿಲ್ 6-1 ಮತದಿಂದ ತನ್ನ ತಾರತಮ್ಯ ನಿಷೇಧ ಕಾನೂನಿಗೆ ‘ಜಾತಿ’ ಅನ್ನುವ ಪದ ಸೇರಿಸಿತು. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ತಂದವರು ಪುಣೆಯಲ್ಲಿ ಹುಟ್ಟಿದ, ಆಗ ಕೌನ್ಸಿಲ್ ಸದಸ್ಯೆಯಾಗಿದ್ದ ಕ್ಷಮಾ ಸಾವಂತ್. ಅಂಬೇಡ್ಕರ್‌ವಾದಿ ಸಂಘಟನೆಗಳು ಬೆಂಬಲಕ್ಕೆ ಬಂದವು, ಅಮೆರಿಕದ ಕೆಲವು ಹಿಂದೂ ಸಂಘಟನೆಗಳು ವಿರೋಧಿಸಿದವು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆಯೂ ಇಂಥದ್ದೇ ಮಸೂದೆ ಪಾಸು ಮಾಡಿತು, ಆದರೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ಈಗಿರುವ ಕಾನೂನೇ ಸಾಕು ಅಂದರು.

ನಮ್ಮನ್ನೇ ಗುರಿ ಮಾಡಿದ್ದಾರೆ ಅನ್ನುವ ನಿಮ್ಮ ಗೆಳೆಯರ ಅಳಲನ್ನು ನಾನು ತಳ್ಳಿಹಾಕೋದಿಲ್ಲ. ದೂರದ ಊರಿನಲ್ಲಿ, ಬೇರೆ ಬಣ್ಣದ ಜನರ ನಡುವೆ ಬದುಕುವವರಿಗೆ, ನಾಳೆ ಆಫೀಸಿನಲ್ಲಿ ಎಲ್ಲರೂ ನನ್ನನ್ನೇ ಅನುಮಾನದಿಂದ ನೋಡಿದರೆ ಅಂತ ಭಯ ಆಗೋದು ಸುಳ್ಳಲ್ಲ. ಆದರೆ ಕಾನೂನನ್ನು ಓದಿ ನೋಡಿ. ಅದರಲ್ಲಿ ಯಾವ ಧರ್ಮದ ಮೇಲೂ ಆರೋಪ ಇಲ್ಲ. ಜಾತಿ ಹಿಂದೂಗಳಲ್ಲಿ ಮಾತ್ರ ಇಲ್ಲ ಅನ್ನೋದು ನಮಗೆ ಗೊತ್ತೇ ಇದೆ. ನಮ್ಮ ಊರುಗಳ ಕ್ರೈಸ್ತರಲ್ಲಿ, ಮುಸ್ಲಿಮರಲ್ಲಿ, ಜೈನರಲ್ಲೂ ಅದು ಕೂತಿದೆ. ಕೆಲಸ, ಮನೆ, ಹೋಟೆಲಿನಂಥ ಸಾರ್ವಜನಿಕ ಜಾಗಗಳಲ್ಲಿ ಜಾತಿ ಕಾರಣಕ್ಕೆ ಒಬ್ಬರಿಗೆ ಅನ್ಯಾಯ ಆದರೆ ದೂರು ಕೊಡಬಹುದು. ಕಾನೂನು ಹೇಳೋದು ಇಷ್ಟೇ. ಅನ್ಯಾಯ ಮಾಡದವರಿಗೆ ಇದರಿಂದ ತೊಂದರೆ ಇಲ್ಲ.

ಇದರ ಅಗತ್ಯ ಇತ್ತಾ ಅಂದರೆ, ಇತ್ತು. ನಾನು ಒಂದಿಷ್ಟು ವರ್ಷ ಆ ಕಡೆ ಇದ್ದಾಗ ಕಂಡದ್ದನ್ನು ಹೇಳುತ್ತೇನೆ. ಮನೆಯಲ್ಲಿ ಪೂಜೆ, ಊಟಕ್ಕೆ ಹತ್ತು ಕುಟುಂಬ ಸೇರಿರುತ್ತವೆ. ಹೊಸಬರು ಬಂದರೆ ಮೊದಲು ಯಾವ ಊರು ಅಂತ ಕೇಳುತ್ತಾರೆ. ಆಮೇಲೆ ಊರಲ್ಲಿ ಯಾವ ಕಡೆ ಮನೆ, ಮನೆದೇವರು ಯಾರು, ನೀವು ಮೊಟ್ಟೆ ತಿನ್ನುತ್ತೀರಾ. ಕೇಳುವವರಿಗೆ ಇದು ಬರೀ ಉಭಯಕುಶಲೋಪರಿ. ಉತ್ತರ ಕೊಡಬೇಕಾದ ಕೆಲವರಿಗೆ ಒಂದೊಂದು ಪ್ರಶ್ನೆಯೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆ ಕೇಳಿದವರಲ್ಲೇ ಒಬ್ಬರು ಸೋಮವಾರ ಅವರ ಮ್ಯಾನೇಜರ್ ಆಗಿರಬಹುದು. ಅಲ್ಲಿನ ಬಿಳಿ ಅಧಿಕಾರಿಗೆ ಈ ಪ್ರಶ್ನೆಗಳ ಒಳಗೇನಿದೆ ಅಂತ ಗೊತ್ತಾಗೋದಿಲ್ಲ. ಇಬ್ಬರೂ ಭಾರತೀಯರು, ಇಬ್ಬರದೂ ಒಂದೇ ಬಣ್ಣ, ಇದರಲ್ಲಿ ತಾರತಮ್ಯ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಕಾನೂನಿನಲ್ಲಿ ಆ ಪದ ಇದ್ದರೆ ದೂರು ತಗೊಳ್ಳುವವರಿಗೆ ಅದನ್ನು ಮೊದಲಿಂದ ವಿವರಿಸುವ ಕಷ್ಟ ತಪ್ಪುತ್ತದೆ.

ಒಂದು ಮಾತು ಗಮನದಲ್ಲಿರಲಿ. ಈ ಕಾನೂನು ಸಿಯಾಟಲ್ ಗಡಿಯೊಳಗೆ ಮಾತ್ರ. ನಮ್ಮವರು ಜಾಸ್ತಿ ಇರುವ ಬೆಲ್‌ವ್ಯೂ, ರೆಡ್ಮಂಡ್ ಬೇರೆ ಪಾಲಿಕೆಗಳು. ಕೆರೆಯ ಮೇಲಿನ ಸೇತುವೆ ದಾಟಿ ಆ ಊರುಗಳಿಗೆ ಹೋದರೆ ಆ ಪದದ ರಕ್ಷಣೆ ಇಲ್ಲ. ಸಿಯಾಟಲ್‌ನೊಳಗೆ ಆದ ವಿಷಯಕ್ಕೆ ನಗರದ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು. ಹಣ ಕಟ್ಟಬೇಕಾಗಿಲ್ಲ, ವಕೀಲರೇ ಬೇಕು ಅಂತಿಲ್ಲ. ಕಾಲಮಿತಿ ಇದೆ, ತಡ ಮಾಡಬಾರದು.

ಇನ್ನು ಆಗದೇ ಉಳಿದದ್ದರ ಬಗ್ಗೆ. ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ 1970ರ ಹೊತ್ತಿಗೆ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಕಪ್ಪು ಜನರಿದ್ದರು. ಈಗ ನೂರಕ್ಕೆ ಇಪ್ಪತ್ತೂ ಇಲ್ಲ. ಯಾರೂ ದೊಣ್ಣೆ ಹಿಡಿದು ಓಡಿಸಲಿಲ್ಲ. ಟೆಕ್ ಕಂಪನಿಗಳು ಬೆಳೆದವು, ಮನೆ ಬೆಲೆ, ಬಾಡಿಗೆ, ತೆರಿಗೆ ಏರಿದವು, ಜನ ದಕ್ಷಿಣದ ಕೆಂಟ್, ರೆಂಟನ್ ಕಡೆ ಹೋದರು. ಪಾಲಿಕೆಯ ಕಾರ್ಯಕ್ರಮ ನಡೆಯುತ್ತಿದ್ದ ವರ್ಷಗಳಲ್ಲೂ ಇದು ನಿಲ್ಲಲಿಲ್ಲ. ಊರಿನ ವಸತಿ ಜಮೀನಿನಲ್ಲಿ ಮುಕ್ಕಾಲು ಪಾಲು ಒಂದು ಸೈಟಿಗೆ ಒಂದೇ ಮನೆ ಅನ್ನುವ ನಿಯಮಕ್ಕೆ ಮೀಸಲಾಗಿತ್ತು. ಆ ನಿಯಮದಲ್ಲಿ ಬಣ್ಣದ ಹೆಸರಿಲ್ಲ. ಆದರೆ ಇಡೀ ಸೈಟು ಕೊಳ್ಳುವಷ್ಟು ದುಡ್ಡಿದ್ದವರಿಗೆ ಮಾತ್ರ ಜಾಗ ಅಂದ ಮೇಲೆ, ಹಳೇ ಷರತ್ತು ಮಾಡುತ್ತಿದ್ದ ಕೆಲಸವನ್ನು ಇದು ಸದ್ದಿಲ್ಲದೆ ಮುಂದುವರಿಸಿತು. ವರ್ಣಭೇದದ ಬಗ್ಗೆ ಮಾತಾಡೋಕೆ ಹಿಂಜರಿಯದ ಪಾಲಿಕೆ ಈ ನಿಯಮ ಮುಟ್ಟೋಕೆ ತುಂಬ ವರ್ಷ ಹಿಂಜರಿಯಿತು. ಸ್ವಂತ ಮನೆಯ ಮತದಾರರ ಭಯ. 2019ರಲ್ಲಿ ಅಲ್ಪಸ್ವಲ್ಪ ಸಡಿಲಿಸಿದರು. 2023ರಲ್ಲಿ ರಾಜ್ಯ ಸರ್ಕಾರವೇ ದೊಡ್ಡ ಊರುಗಳಲ್ಲಿ ಸೈಟಿಗೆ ಕನಿಷ್ಠ ನಾಲ್ಕು ಮನೆಗೆ ಅವಕಾಶ ಕೊಡಲೇಬೇಕು ಅಂತ ಕಾನೂನು ಮಾಡಿತು. ನಿಮ್ಮ ಬೀದಿಯಲ್ಲಿ ಹಳೇ ಮನೆ ಕೆಡವಿ ನಾಲ್ಕು ಮನೆ ಕಟ್ಟೋಕೆ ಯಾರಾದರೂ ಬಂದರೆ ಅಕ್ಕಪಕ್ಕದವರು ವಿರೋಧದ ಸಹಿ ಕೇಳಿಕೊಂಡು ನಿಮ್ಮ ಮನೆಗೂ ಬರಬಹುದು. ಸಹಿ ಹಾಕುವ ಮುಂಚೆ ನಿಮ್ಮ ಮನೆ ಪತ್ರವನ್ನು ಇನ್ನೊಂದು ಸಲ ತೆಗೆದು ಓದಿ.

ದುಡ್ಡಿನ ಕಥೆಯೂ ಹೀಗೇ ಏರಿಳಿತದ್ದು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ ಸಿಯಾಟಲ್ ಬೀದಿಗಳು ತುಂಬಿದವು. ಜನರೇ ಕೂತು ತೀರ್ಮಾನಿಸುವ ಬಜೆಟ್ ಅಂತ ಸುಮಾರು 3 ಕೋಟಿ ಡಾಲರ್ ಕೊಡುವ ಮಾತಾಯಿತು. ಆ ಹಣದ ಬಗ್ಗೆ ಜನ ಮತ ಹಾಕಿದ್ದು 2023ರಲ್ಲಿ. ಮೂರು ವರ್ಷ. ಅಷ್ಟರಲ್ಲಿ ಬೀದಿಯ ಬಿಸಿ ಆರಿತ್ತು. ಅದೇ 2020ರಲ್ಲಿ ದೊಡ್ಡ ಕಂಪನಿಗಳು ಕೊಡುವ ದೊಡ್ಡ ಸಂಬಳದ ಮೇಲೆ ತೆರಿಗೆ ಹಾಕಿದರು. ಅದು ನೌಕರರ ಜೇಬಿಂದ ಹೋಗೋದಿಲ್ಲ, ಕಂಪನಿಯೇ ಕಟ್ಟಬೇಕು. ಆ ಹಣದಲ್ಲಿ ಶೇ. 62 ಕಡಿಮೆ ಬಾಡಿಗೆಯ ಮನೆಗಳಿಗೆ, ಶೇ. 9 ಹಿಂದುಳಿದ ಸಮುದಾಯಗಳು ತಾವೇ ಜಾಗ ಕೊಂಡು ಬೆಳೆಯೋಕೆ ಅಂತ ಹಂಚಿದ್ದರು. ಬಜೆಟ್‌ನಲ್ಲಿ ಕೊರತೆ ಬಿದ್ದಾಗ ಆ ಹಣದ ಒಂದು ದೊಡ್ಡ ಪಾಲು ಮಾಮೂಲಿ ಖರ್ಚಿಗೆ ಹೋಯಿತು. ನಮ್ಮಲ್ಲಿ ಪರಿಶಿಷ್ಟರ ಉಪಯೋಜನೆಯ ಹಣದ ಬಗ್ಗೆ ಪ್ರತಿ ವರ್ಷ ಏಳುವ ಜಗಳ ಗೊತ್ತಿದ್ದವರಿಗೆ ಇದು ಹೊಸ ಮಾತೇನಲ್ಲ.

ಆದರೂ ಕಣ್ಣಿಗೆ ಕಾಣುವಂಥದ್ದು ಒಂದಿಷ್ಟು ನಿಂತಿದೆ. 24ನೇ ಅವೆನ್ಯೂ ಮತ್ತು ಯೂನಿಯನ್ ಬೀದಿ ಸೇರುವ ಕಡೆ ಒಂದು ಸಲ ಹೋಗಿ ನೋಡಿ. ಸಾಲ ಸಿಗದ ಕಪ್ಪು ಜನರಿಗೆ ಸಾಲ ಕೊಡೋಕೆ ಅಂತ 1968ರಲ್ಲಿ ಕಟ್ಟಿದ ಲಿಬರ್ಟಿ ಬ್ಯಾಂಕ್ ಇದ್ದ ಜಾಗ ಅದು. 2019ರಲ್ಲಿ ಅಲ್ಲಿ 115 ಕಡಿಮೆ ಬಾಡಿಗೆಯ ಮನೆಗಳ ಕಟ್ಟಡ ತೆರೆಯಿತು. ಊರು ಬಿಟ್ಟು ಹೋದವರು ವಾಪಸ್ ಬರಲಿ ಅನ್ನುವ ಉದ್ದೇಶದಿಂದ ಕಟ್ಟಿದ್ದು. ಸಾವಿರಾರು ಜನ ಹೋದ ಕಡೆ 115 ಮನೆ ಕಮ್ಮಿಯೇ. ಆದರೆ ಆ ಬೀದಿಯಲ್ಲಿ ಹುಟ್ಟಿ ಬೆಳೆದು ದೂರ ಹೋಗಿದ್ದ ಅಜ್ಜಿಯೊಬ್ಬರಿಗೆ ಮತ್ತೆ ಅದೇ ಬೀದಿಯ ಮನೆಯ ಬೀಗದ ಕೈ ಸಿಕ್ಕರೆ ಅದನ್ನು ತೋರಿಕೆ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.

ಆಯುಷ್ಯದ ವ್ಯತ್ಯಾಸ ಮಾತ್ರ ನನ್ನನ್ನು ಬಹಳ ಕಾಡುತ್ತದೆ. ಡುವಾಮಿಷ್ ನದಿ ದಂಡೆಯ ಸೌತ್ ಪಾರ್ಕ್, ಜಾರ್ಜ್‌ಟೌನ್ ಪ್ರದೇಶದ ಜನ ಲಾರೆಲ್‌ಹರ್ಸ್ಟ್‌ನವರಿಗಿಂತ ಸರಾಸರಿ 13 ವರ್ಷ ಕಮ್ಮಿ ಬದುಕುತ್ತಾರೆ ಅಂತ 2013ರ ಅಧ್ಯಯನ ಲೆಕ್ಕ ಹಾಕಿತ್ತು. ಒಂದೇ ಊರು, ಕೆಲವೇ ಮೈಲಿ ದೂರ. ಒಂದು ಕಡೆ ಕಾರ್ಖಾನೆ, ಹೆದ್ದಾರಿ, ಕೊಳಕು ನದಿ. ಇನ್ನೊಂದು ಕಡೆ ಕೆರೆಯ ಗಾಳಿ, ಮತ್ತೆ ನಿಮ್ಮ ಮನೆ ಪತ್ರದಲ್ಲಿದ್ದಂಥದ್ದೇ ಷರತ್ತು. ಆ ನದಿಗೆ ಹೆಸರು ಬಂದದ್ದು ಡುವಾಮಿಷ್ ಮೂಲನಿವಾಸಿಗಳಿಂದ. ಊರಿಗೆ ಹೆಸರು ಕೊಟ್ಟ ಸಿಯಾಟಲ್ ಕೂಡ ಅವರ ನಾಯಕ. 1865ರಲ್ಲಿ ಊರಿನ ಮೊದಲ ಆಡಳಿತ ಮಾಡಿದ ಮೊದಮೊದಲ ಕಾನೂನುಗಳಲ್ಲೇ ಒಂದು, ಆ ಮೂಲನಿವಾಸಿಗಳು ಊರೊಳಗೆ ವಾಸ ಮಾಡಬಾರದು ಅಂತ. ಪಾಲಿಕೆ ಈಗ ಆ ಕಣಿವೆಗೆ ಬೇರೆಯದೇ ಯೋಜನೆ ಹಾಕಿಕೊಂಡು ಗಿಡ, ಪಾರ್ಕು, ಗಾಳಿ, ಮನೆ ಅಂತ ಕೆಲಸ ಮಾಡುತ್ತಿದೆ. 13 ವರ್ಷದ ಅಂತರ ತುಂಬೋಕೆ ಒಬ್ಬ ಮೇಯರ್ ಅವಧಿ ಸಾಲದು.

ಕೊನೆಗೆ ನಿಮ್ಮ ಮನೆ ಪತ್ರ. ಆ ಷರತ್ತಿಗೆ ಈಗ ಕಾನೂನಿನ ಬಲ ಇಲ್ಲ. ಆದರೂ ಅದು ಹಾಗೇ ಇರೋದು ಬೇಡ ಅನ್ನಿಸಿದರೆ ಕಿಂಗ್ ಕೌಂಟಿಯ ದಾಖಲೆ ಕಚೇರಿಗೆ ಒಂದು ತಿದ್ದುಪಡಿ ನಮೂನೆ ಕೊಡಬಹುದು. ರಾಜ್ಯದ ಕಾನೂನೇ ಇದಕ್ಕೆ ಅವಕಾಶ ಕೊಟ್ಟಿದೆ, ಶುಲ್ಕ ಇಲ್ಲ. ಹಳೇ ಷರತ್ತನ್ನು ಅವರು ಅಳಿಸೋದಿಲ್ಲ. ಇದು ಅನೂರ್ಜಿತ ಅನ್ನುವ ಪತ್ರ ನಿಮ್ಮ ಹೆಸರಿನಲ್ಲಿ ಅದರ ಜೊತೆ ಸೇರುತ್ತದೆ. ಹಾಗೇ ಇನ್ನೊಂದು ವಿಷಯ. ರಾಜ್ಯ ಸರ್ಕಾರ 2023ರ ಕಾನೂನಿನ ಪ್ರಕಾರ ಬಹುಪಾಲು ದಾಖಲೆಗಳ ನೋಂದಣಿಗೆ ತಲಾ 100 ಡಾಲರ್ ಸಂಗ್ರಹಿಸಿ, ಇಂಥ ಷರತ್ತುಗಳಿಂದ ಪೆಟ್ಟು ತಿಂದ ಕುಟುಂಬಗಳಿಗೆ ಮೊದಲ ಮನೆ ಕೊಳ್ಳೋಕೆ ಸಾಲ ಕೊಡುತ್ತಿದೆ. ಅಂದರೆ ನೀವು ಮನೆ ನೋಂದಾಯಿಸಿದಾಗ ಕಟ್ಟಿದ ಶುಲ್ಕದಲ್ಲೂ ಅದು ಸೇರಿರುತ್ತದೆ, ರಸೀದಿಯಲ್ಲಿ ನೋಡಿ. 1968ರ ಏಪ್ರಿಲ್‌ಗಿಂತ ಮುಂಚೆ ತಾವೋ, ತಮ್ಮ ತಂದೆ ತಾಯಿಯೋ, ಅಜ್ಜ ಅಜ್ಜಿಯೋ, ಮುತ್ತಜ್ಜ ಮುತ್ತಜ್ಜಿಯೋ ಆ ರಾಜ್ಯದಲ್ಲಿ ವಾಸವಿದ್ದವರಿಗೆ ಅದು ಸಿಗುತ್ತದೆ. ಅರ್ಹ ಜನಾಂಗಗಳ ಪಟ್ಟಿಯಲ್ಲಿ ಕಪ್ಪು ಜನರು, ಮೂಲನಿವಾಸಿಗಳ ಜೊತೆಗೆ ಭಾರತೀಯ ಮೂಲದವರೂ ಇದ್ದಾರೆ. ನಿಮಗೆ ಅದು ಅನ್ವಯಿಸೋದಿಲ್ಲ. ಆದರೆ ಮರದ ಮಿಲ್ಲಿನ ಕಾಲದಲ್ಲಿ ಬಂದು ಅಲ್ಲೇ ಉಳಿದವರ ಮರಿಮಕ್ಕಳು ಯಾರಾದರೂ ನಿಮಗೆ ಪರಿಚಯ ಇದ್ದರೆ ಈ ಸಂಗತಿ ಅವರಿಗೆ ಖಂಡಿತ ತಿಳಿಸಿ.